ಬಿಸಿಲನ್ನೇ ನಂಬಿ ಹಾರಿದ ನನ್ನ ವಿಮಾನ

ನೀವು ಈಗ ನೋಡುತ್ತಿರುವುದು ಶಿರಾ ಸೀಮೆಯ ಒಂದು ಕೆರೆಯಂಗಳ. ಫೆಬ್ರುವರಿಯ ಈ ದಿನಗಳಲ್ಲಿ ನೀರೆಲ್ಲ ಬತ್ತಿ, ಬಿರುಕುಬಿಟ್ಟ ನೆಲ ಗಟ್ಟಿಯಾಗಿದೆ. ಸುತ್ತಮುತ್ತ ಮರವಿಲ್ಲ, ವಿದ್ಯುತ್ ತಂತಿಯಿಲ್ಲ. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಇದು ಹಸಿರು ವಲಯ, ಅಂದರೆ ಹಾರಾಟಕ್ಕೆ ಮುಕ್ತ ಜಾಗವೆಂದು ಖಚಿತಪಡಿಸಿಕೊಂಡೇ ಬಂದಿದ್ದೇನೆ. ನನ್ನ ಕೈಯಲ್ಲಿರುವುದು ನಾನೇ ಕಟ್ಟಿದ, ರಿಮೋಟಿನಿಂದ ಹಾರಿಸುವ ಪುಟ್ಟ ಸೌರ ವಿಮಾನ. ಅದರ ರೆಕ್ಕೆ ತುದಿಯಿಂದ ತುದಿಗೆ 3 ಮೀಟರ್ ಇದೆ, ಒಟ್ಟು ತೂಕ 1.6 ಕಿಲೋ. ರೆಕ್ಕೆಯ ಬೆನ್ನಿನ ಮೇಲೆ 24 ಸೌರಕೋಶಗಳಿವೆ.

ಇದನ್ನು ಕಂಡವರೆಲ್ಲ ಮೊದಲು ಕೇಳುವುದು ಬಿಸಿಲಿನಿಂದ ಎಷ್ಟು ವಿದ್ಯುತ್ ಬರುತ್ತದೆ ಎಂದು. ಎರಡು ವರ್ಷ ಈ ಕೆಲಸದಲ್ಲಿ ಕಳೆದ ಮೇಲೆ ನನಗೆ ಅದಕ್ಕಿಂತ ಮುಖ್ಯವಾಗಿ ತೋರುವ ಪ್ರಶ್ನೆ ಬೇರೆ: ಗಾಳಿಯಲ್ಲಿ ನಿಲ್ಲಲು ಈ ವಿಮಾನಕ್ಕೆ ಎಷ್ಟು ಕಡಿಮೆ ಸಾಕು? ನೆತ್ತಿಯ ಮೇಲಿನ ಸೂರ್ಯ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಕೊಡುತ್ತಾನೆ. ನಾನು ಬಳಸಿದ ಸನ್‌ಪವರ್ ಸಿ60 ಮಾದರಿಯ ಕೋಶಗಳು ಅದರಲ್ಲಿ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ವಿದ್ಯುತ್ತಾಗಿಸುತ್ತವೆ. ಲೆಕ್ಕದ ಪ್ರಕಾರ ನನ್ನ 24 ಕೋಶಗಳಿಂದ 80 ವಾಟ್ ಬರಬೇಕು. ಹೊದಿಕೆ, ಬಿಸಿ, ಓರೆ ಬೆಳಕು ಎಲ್ಲವನ್ನೂ ಕಳೆದರೆ ಕೈಗೆ ಸಿಗುವುದು 45ರಿಂದ 60. ಆದ್ದರಿಂದ ಏರದೆ ಇಳಿಯದೆ ಸಾಗುವ ಮಟ್ಟಸ ಹಾರಾಟಕ್ಕೆ 25 ವಾಟ್ ಸಾಕಾಗುವಂತೆ ವಿಮಾನವನ್ನು ಕಟ್ಟುವುದೇ ನನ್ನ ಪಾಲಿಗೆ ನಿಜವಾದ ಕೆಲಸವಾಯಿತು. ಕಾರ್ಬನ್ ಕೊಳವೆಯ ನಡುದಂಡ, ಬಾಲ್ಸಾ ಮರದ ಪಕ್ಕೆಲುಬುಗಳು, ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರ್, ಎಲ್ಲವೂ ಆ 25ರ ಸಲುವಾಗಿ.

ಈ ದಾರಿಯನ್ನು ಮೊದಲು ತೆರೆದ ವಿಮಾನವೂ ಒಣಗಿದ ಸರೋವರದ ಮೇಲೆಯೇ ಹಾರಿತ್ತು. 1974ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದ ಕ್ಯಾಂಪ್ ಇರ್ವಿನ್‌ನಲ್ಲಿ ರಾಬರ್ಟ್ ಬೂಷರ್ ವಿನ್ಯಾಸದ 'ಸನ್‌ರೈಸ್' ಮೇಲೇರಿದಾಗ ಅದರ ರೆಕ್ಕೆಯ ಮೇಲೆ 4096 ಕೋಶಗಳಿದ್ದವು, ಅವೆಲ್ಲ ಸೇರಿ ಕೊಡುತ್ತಿದ್ದದ್ದು 450 ವಾಟ್. 2008ರ ಜೂನ್‌ನಲ್ಲಿ ಜ್ಯೂರಿಕ್‌ನ ಸಂಶೋಧಕ ಆಂಡ್ರೆ ನೋತ್ ಅವರ 'ಸ್ಕೈ-ಸೇಲರ್' 3.2 ಮೀಟರ್ ರೆಕ್ಕೆ ಮತ್ತು ಸುಮಾರು ಎರಡೂವರೆ ಕಿಲೋ ತೂಕದಲ್ಲಿ 27 ಗಂಟೆಗೂ ಹೆಚ್ಚು ಕಾಲ, ಅಂದರೆ ಒಂದು ಇಡೀ ರಾತ್ರಿಯನ್ನು ದಾಟಿ, ಹಾರಿತು. ಹೆಚ್ಚುಕಡಿಮೆ ನನ್ನ ವಿಮಾನದಷ್ಟೇ ಉದ್ದದ ರೆಕ್ಕೆಯೊಂದು ಅಂಥದ್ದನ್ನು ಮಾಡಿದೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ವಿಮಾನ ಕಟ್ಟುವ ನನ್ನ ಮೇಜು. ಈ ಕೋಶದ ಅಗಲ 125 ಮಿಲಿಮೀಟರ್; ದಪ್ಪ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟೂ ಇಲ್ಲ. ಎರಡು ತುದಿಯನ್ನು ಬೆರಳಲ್ಲಿ ಹಿಡಿದರೆ ಹಪ್ಪಳದಂತೆ ತುಸು ಬಾಗುತ್ತದೆ, ಇನ್ನೊಂದು ಚೂರು ಒತ್ತಿದರೆ 'ಟಿಕ್' ಎನ್ನುತ್ತದೆ. ಆ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇದರ ಪ್ಲಸ್, ಮೈನಸ್ ಎರಡೂ ಧ್ರುವಗಳು ಹಿಂಬದಿಯಲ್ಲೇ ಇರುವುದರಿಂದ ಮೇಲ್ಮೈಯಲ್ಲಿ ಒಂದು ಗೆರೆಯೂ ಇಲ್ಲ. ಹಿಂದೆ ಅಂಚಿಗೆ ಮೂರು ಕಡೆ ಬೆಸುಗೆ ಹಾಕಬೇಕು. ಸೋಲ್ಡರಿಂಗ್ ಐರನ್ನನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಡದಿರುವುದನ್ನು ನಾನು ನಾಲ್ಕು ಕೋಶಗಳನ್ನು ಕಳೆದುಕೊಂಡ ಮೇಲೆ ಕಲಿತೆ.

ಆದರೆ ನನ್ನ ದೊಡ್ಡ ತಪ್ಪು ಬೆಸುಗೆಯಲ್ಲಿ ಇರಲಿಲ್ಲ. ಮೊದಲ ರೆಕ್ಕೆಯಲ್ಲಿ 24 ಕೋಶಗಳನ್ನೂ ಒಂದೇ ಸಾಲಿನಲ್ಲಿ, ಮೇಲಕ್ಕೆ ಬಾಗಿದ ತುದಿಗಳವರೆಗೆ ಅಂಟಿಸಿದ್ದೆ. ಬೆಳಿಗ್ಗೆ ಚೆನ್ನಾಗಿಯೇ ಹಾರಿದ ವಿಮಾನ ಸಂಜೆ ನಾಲ್ಕೂವರೆಗೆ ಬಳಲತೊಡಗಿತು. ಸೂರ್ಯ ಕೆಳಗಿಳಿದಂತೆ ಅವನಿಗೆ ಬೆನ್ನು ಮಾಡಿದ ತುದಿಗೆ ಬೆಳಕು ಕಡಿಮೆ ಬೀಳುತ್ತಿತ್ತು. ಕೋಶಗಳೆಲ್ಲ ಒಂದರ ಹಿಂದೊಂದು ಜೋಡಿಸಿದವು. ಎತ್ತಿನ ಗಾಡಿಗಳ ಸಾಲಿನಲ್ಲಿ ಮುಂದಿನದು ನಿಧಾನಿಸಿದರೆ ಹಿಂದಿನವೆಲ್ಲ ನಿಧಾನಿಸುವಂತೆ, ಮಂಕಾದ ಮೂರ್ನಾಲ್ಕು ಕೋಶಗಳು ಇಡೀ ಸಾಲಿನ ವಿದ್ಯುತ್ತನ್ನು ತಮ್ಮ ಮಟ್ಟಕ್ಕೆ ಎಳೆದಿದ್ದವು. ಹೊಸ ರೆಕ್ಕೆಯಲ್ಲಿ ನಡುಭಾಗವನ್ನು ಚಪ್ಪಟೆಯಾಗಿ, ಅಗಲವಾಗಿ ಕಟ್ಟಿ, ಹನ್ನೆರಡರಂತೆ ಎರಡು ಸಾಲು ಮಾಡಿದ್ದೇನೆ. ತುದಿಗಳು ಬರಿದಾಗಿವೆ.

ಮತ್ತೆ ಕೆರೆಯಂಗಳಕ್ಕೆ ಬರೋಣ. ಈಗ ಸಮಯ ಹತ್ತು ಇಪ್ಪತ್ತು. ಬ್ಯಾಟರಿಯನ್ನು ಬೇಕೆಂದೇ ಅರ್ಧ ಖಾಲಿ ಮಾಡಿ ತಂದಿದ್ದೇನೆ. 11 ವೋಲ್ಟ್ ತೋರಿಸುತ್ತಿದೆ. ಕುರಿ ಮೇಯಿಸಲು ಬಂದ ಹಿರಿಯರೊಬ್ಬರು ಹತ್ತಿರ ನಿಂತು, "ಏನಪ್ಪಾ, ಇದಕ್ಕೆ ಎಣ್ಣೆ ಎಲ್ಲಿ ಹಾಕ್ತೀಯ?" ಎಂದು ಕೇಳಿದರು. ನಾನು ಮೇಲೆ ತೋರಿಸಿದೆ. ಅವರು ನಗಲಿಲ್ಲ, ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನೊಮ್ಮೆ, ರೆಕ್ಕೆಯನ್ನೊಮ್ಮೆ ನೋಡಿದರು.

ಕೈಯಿಂದ ಎಸೆದ ವಿಮಾನ ಏರುತ್ತಿರುವಾಗ ರಿಮೋಟಿನ ಪರದೆಯ ಮೇಲೆ ಮೈನಸ್ 4.2 ಆಂಪಿಯರ್, ಅಂದರೆ ಬ್ಯಾಟರಿ ಖರ್ಚಾಗುತ್ತಿದೆ. ಎಂಬತ್ತು ಮೀಟರ್ ಎತ್ತರದಲ್ಲಿ ವೇಗ ಇಳಿಸಿ ಮಟ್ಟಸ ಮಾಡಿದೆ. ಮೈನಸ್ ಒಂದು, ಸೊನ್ನೆ, ಆಮೇಲೆ ಪ್ಲಸ್ 1.6. ಹಾರುತ್ತಲೇ ಬ್ಯಾಟರಿ ತುಂಬುತ್ತಿದೆ! ಪೂರ್ವದ ಕಡೆ ಸುತ್ತುತ್ತಿದ್ದ ಎರಡು ಹದ್ದುಗಳ ಬಳಿಗೆ ತಿರುಗಿಸಿದರೆ ಅಲ್ಲಿ ನೆಲದಿಂದೇಳುವ ಬಿಸಿಗಾಳಿ ಸಿಕ್ಕಿತು. ಮೋಟಾರನ್ನು ಪೂರ್ತಿ ನಿಲ್ಲಿಸಿ ಹತ್ತು ನಿಮಿಷ ಅವುಗಳ ಜೊತೆ ಸುತ್ತಿದೆ.

ಇಲ್ಲಿಂದ ಬಹಳ ದೂರವಲ್ಲದ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳು 23 ಕಿಲೋ ತೂಕದ ಸೌರ ವಿಮಾನವನ್ನು ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೇರಿಸಿ, ಎಂಟೂವರೆ ಗಂಟೆ ಹಾರಿಸಿದರು. ನಮ್ಮ ಬಯಲುಸೀಮೆಯ ಬಿಸಿಲನ್ನು ಎಲ್ಲರೂ ಶಪಿಸುವುದನ್ನು ಕೇಳಿಯೇ ಬೆಳೆದವನು ನಾನು. ಆ ಸುದ್ದಿ ಓದಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ?

ಹನ್ನೆರಡರ ಹೊತ್ತಿಗೆ ಗಾಳಿ ಬಲವಾಯಿತು. ಗಂಟೆಗೆ 25 ಕಿಲೋಮೀಟರ್ ವೇಗದ ವಿಮಾನಕ್ಕೆ 20ರ ಎದುರುಗಾಳಿ ಬಂದರೆ ಮರಳಿ ಬರುವುದೇ ಕಷ್ಟವಾದ್ದರಿಂದ ಇಳಿಸಿದೆ. ಬ್ಯಾಟರಿ 12.3 ವೋಲ್ಟ್. ನೆಲದಲ್ಲಿ ನಿಂತ ರೆಕ್ಕೆಗೆ ತಂಪು ಮಾಡುವ ಗಾಳಿ ತಗ್ಗಿ, ಕೋಶಗಳು ಬೇಗ ಕಾದವು. ಹಿರಿಯರು ಅಂಗೈ ಇಟ್ಟು ನೋಡಿ, "ಕಾದ ಹಂಚಿನಂಗೈತಲ್ಲಪ್ಪ" ಎಂದು ಹೆಗಲ ಕಂಬಳಿ ಬಿಚ್ಚಿ, ಅದರ ಮೇಲೆ ನೆರಳು ಹಿಡಿದರು. ಕೋಶಗಳ ಒಂದು ಮೂಲೆಯ ಮೇಲಷ್ಟೇ ನೆರಳು ಬಿದ್ದಿತ್ತು. ಪರದೆಯಲ್ಲಿ 50 ವಾಟ್ ಇದ್ದದ್ದು 8ಕ್ಕೆ ಇಳಿಯಿತು.