ಬೀಳುವ ಮೊದಲೇ ಫಿಸಿಯೋಥೆರಪಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಇನ್ನೊಂದು ನಮಸ್ಕಾರ. ಯಾಕಂದ್ರೆ ಇವತ್ತಿನ ಮಾತು ಜಾಸ್ತಿ ನಿಮ್ಮ ಕಾಲುಗಳ ಬಗ್ಗೆಯೇ.

ಫಿಸಿಯೋಥೆರಪಿ ಅಂದ ತಕ್ಷಣ ಜನರಿಗೆ ನೆನಪಾಗುವುದು ಕರೆಂಟ್ ಇಡುವುದು, ಶಾಖ ಕೊಡುವುದು. ಆಪರೇಷನ್ ಆದ ಮೇಲೆ, ಲಕ್ವ ಹೊಡೆದ ಮೇಲೆ, ಕುತ್ತಿಗೆ ಹಿಡಿದುಕೊಂಡ ಮೇಲೆ ಹೋಗುವ ಜಾಗ ಅದು. ಎಷ್ಟೋ ಆಸ್ಪತ್ರೆಗಳಲ್ಲಿ ನಮ್ಮ ಕೋಣೆ ಕಾರಿಡಾರಿನ ಕೊನೆಯಲ್ಲಿ, ಎಕ್ಸ್‌ರೇ ಕೋಣೆಯನ್ನೂ ದಾಟಿ ಇರುತ್ತದೆ. ನಡೆಯಲು ಆಗದವರು ಎಲ್ಲರಿಗಿಂತ ದೂರ ನಡೆದು ಬರಬೇಕು!

ಆದರೆ ನಮ್ಮ ದೇಶದಲ್ಲಿ ಈ ವೃತ್ತಿ ಶುರುವಾಗಿದ್ದು ಊರಿಗೆ ಬಂದ ಕಾಯಿಲೆಯಿಂದ. 1952ರಲ್ಲಿ ಆಗಿನ ಬೊಂಬಾಯಿಯಲ್ಲಿ ಪೋಲಿಯೊ ಜೋರಾಗಿ ಹಬ್ಬಿತು. ಜ್ವರ ಇಳಿದ ಮೇಲೂ ಮಕ್ಕಳ ಕಾಲು ಏಳುತ್ತಿರಲಿಲ್ಲ. ಅವರನ್ನು ಮತ್ತೆ ನಡೆಸಲು ಕಲಿತ ಕೈಗಳು ಬೇಕಿದ್ದವು. 1953ರಲ್ಲಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೂ ಕೈಜೋಡಿಸಿ, ಫಿಸಿಯೋಥೆರಪಿ ಶಾಲೆ ತೆರೆಯಲಾಯಿತು. ಪೋಲಿಯೊವನ್ನು ಲಸಿಕೆ ಓಡಿಸಿತು. 2011ರ ಜನವರಿಯ ನಂತರ ನಮ್ಮಲ್ಲಿ ಅದರ ಮೂಲ ವೈರಸ್ಸಿನ ಒಂದೇ ಒಂದು ಪ್ರಕರಣವೂ ಇಲ್ಲ. ಈ ನಡುವೆ ನಮ್ಮ ವೃತ್ತಿ ಮಾತ್ರ ಊರು ಬಿಟ್ಟು ಆಸ್ಪತ್ರೆಯ ಕೋಣೆ ಸೇರಿಕೊಂಡಿತು. ಅದು ವಾಪಸ್ ಬರಬೇಕು ಅನ್ನುವುದೇ ನನ್ನ ವಾದ. ಬರಲು ಕಾರಣ ಬೇಕಾದಷ್ಟಿವೆ. ಮೊದಲನೆಯದು ಹಿರಿಯರು ಬೀಳುವುದು.

ಬಿದ್ದು ಸಾಯುವುದನ್ನು ನಾವು ಕಾಯಿಲೆ ಅಂತ ಎಣಿಸುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದಕ್ಕೇ. ಹೆಚ್ಚಾಗಿ ಸಾಯುವವರು 60 ದಾಟಿದವರು.

ಮನೆಯಲ್ಲಿ ಅದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಅಜ್ಜಿ ರಾತ್ರಿ ಬಚ್ಚಲಿಗೆ ಎದ್ದು ಹೋಗುತ್ತಾರೆ. ನೆಲ ಒದ್ದೆ, ಲೈಟಿನ ಸ್ವಿಚ್ಚು ಬಾಗಿಲಿನ ಆಚೆ. ಕಾಲು ಜಾರುತ್ತದೆ. ಸೊಂಟದ ಹತ್ತಿರ ಮೂಳೆ ಮುರಿಯುತ್ತದೆ. ಆಮೇಲೆ ಹಾಸಿಗೆ. ಹಾಸಿಗೆಯಿಂದ ಬೆನ್ನು ಹುಣ್ಣು, ಎದೆಯಲ್ಲಿ ಕಫ, ನ್ಯುಮೋನಿಯಾ. ಕೇಳಿದರೆ "ವಯಸ್ಸಾಗಿತ್ತು ಬಿಡಿ" ಅನ್ನುತ್ತಾರೆ. ವಯಸ್ಸಿನ ಜೊತೆ ಒದ್ದೆ ನೆಲವೂ ಇತ್ತು, ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದವೂ ಇತ್ತು, ಎದ್ದ ಕೂಡಲೇ ತಲೆ ತಿರುಗಿಸುವ ಬಿ.ಪಿ. ಮಾತ್ರೆಯೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಜಾರಿದಾಗ ತಡೆದು ನಿಲ್ಲಿಸುವಷ್ಟು ತೊಡೆಯಲ್ಲಿ ಬಲ ಇರಲಿಲ್ಲ.

ಆ ಬಲ ಹೋಗಿದ್ದೆಲ್ಲಿ? ಸ್ವಲ್ಪ ವಯಸ್ಸು ತಿಂದಿತು. ಇನ್ನು ಸ್ವಲ್ಪ ನಾವೇ ಕಳೆದೆವು. "ಅಮ್ಮ, ನೀನು ಏಳಬೇಡ, ನಾನು ತಂದುಕೊಡ್ತೀನಿ." "ಅಪ್ಪಾಜಿ, ಮೆಟ್ಟಿಲು ಹತ್ತಬೇಡಿ." ಪ್ರೀತಿಯಿಂದಲೇ ಹೇಳುತ್ತೇವೆ. ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವೃದ್ಧರನ್ನು 10 ದಿನ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಅಷ್ಟರಲ್ಲೇ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಸ್ನಾಯು ಕರಗಿತ್ತು. ಬರೀ ಹತ್ತು ದಿನ! ಸೊಸೆ ಒಳ್ಳೆಯವಳು, ಅತ್ತೆಯನ್ನು ಕೂತಲ್ಲಿಂದ ಏಳಿಸುವುದೇ ಇಲ್ಲ ಅಂತ ಊರವರು ಹೊಗಳಿದಾಗ ನನಗೆ ಸ್ವಲ್ಪ ಭಯವಾಗುತ್ತದೆ.

ಈಗ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಖರ್ಚಿಲ್ಲ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಕುರ್ಚಿಯ ಮಧ್ಯಕ್ಕೆ ಕೂತು, ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಪಾದ ಪೂರ್ತಿ ನೆಲದ ಮೇಲಿರಲಿ. ನೆಟ್ಟಗೆ ಎದ್ದು ನಿಲ್ಲಿ, ಕೂರಿ. ಮತ್ತೆ ಏಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ ಅಂತ ಎಣಿಸಿ. 65ರಿಂದ 69 ವಯಸ್ಸಿನ ಹೆಂಗಸರು 11 ಸಲ, ಗಂಡಸರು 12 ಸಲ ಏಳಬೇಕು. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ತೊಡೆಯ ಮೇಲೆ ಕೈ ಊರದೆ ಏಳಲು ಆಗಲೇ ಇಲ್ಲ ಅಂದ್ರೆ ಸೊನ್ನೆ. ಮೊಮ್ಮಕ್ಕಳ ಕೈಗೆ ಮೊಬೈಲ್ ಟೈಮರ್ ಕೊಡಿ, ಬಿಟ್ಟೂ ಬಿಡದೆ ಎಣಿಸುತ್ತಾರೆ.

ಸೊನ್ನೆ ಬಂದರೂ ಗಾಬರಿ ಬೇಡ. ಸ್ನಾಯು ಎಂಬತ್ತರಲ್ಲೂ ಬೆಳೆಯುತ್ತದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಿರಿಯರಿಗಾಗಿ ಮನೆಯಲ್ಲೇ ಮಾಡುವ ವ್ಯಾಯಾಮಗಳನ್ನು ರೂಪಿಸಿದರು. ಮೊಣಕಾಲು ಚಾಚುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನು ಅಂಟಿಸಿ ನಡೆಯುವುದು, ಕುರ್ಚಿಯಿಂದ ಏಳುವುದು. ವಾರಕ್ಕೆ ಮೂರು ದಿನ ಅರ್ಧ ಗಂಟೆ, ಜೊತೆಗೆ ಸ್ವಲ್ಪ ನಡಿಗೆ. ಇಷ್ಟರಿಂದಲೇ ಬೀಳುವುದು ಸುಮಾರು ಮೂರನೇ ಒಂದು ಭಾಗ ತಗ್ಗಿತು. ನನಗೆ ಹೆಚ್ಚು ಇಷ್ಟವಾಗಿದ್ದು ಅವರ ಇನ್ನೊಂದು ಪ್ರಯೋಗ. ಅದರಲ್ಲಿ ವ್ಯಾಯಾಮ ಹೇಳಿಕೊಡಲು ಮನೆಮನೆಗೆ ಹೋದವರು ನರ್ಸ್‌ಗಳು. ಅವರಿಗೆ ಫಿಸಿಯೋಥೆರಪಿಸ್ಟ್ ತರಬೇತಿ ಕೊಟ್ಟು, ಬೆನ್ನ ಹಿಂದೆ ನಿಂತಿದ್ದರು. ಅಲ್ಲೂ ಬೀಳುವುದು ಕಡಿಮೆಯಾಯಿತು.

ನಮ್ಮ ರಾಜ್ಯದಲ್ಲಿ 40 ಸಾವಿರದಷ್ಟು ಆಶಾ ಕಾರ್ಯಕರ್ತೆಯರಿದ್ದಾರೆ. ಯಾರ ಮನೆಯಲ್ಲಿ ಯಾವ ಅಜ್ಜಿ ಗೋಡೆ ಹಿಡಿದು ಓಡಾಡುತ್ತಾರೆ ಅಂತ ಅವರಿಗೆ ಬಾಯಿಪಾಠ. ತಾಲೂಕಿಗೆ ಒಬ್ಬ ಫಿಸಿಯೋಥೆರಪಿಸ್ಟ್ ತಿಂಗಳಿಗೊಮ್ಮೆ ಅವರ ಜೊತೆ ಕೂತರೆ ಸಾಕು, ಕೆಲಸ ಶುರುವಾಗುತ್ತದೆ. ಒಂದು ಮಾತು ಮಾತ್ರ ಖಡಾಖಂಡಿತ. ಈಗಾಗಲೇ ಅವರ ತಲೆ ಮೇಲೆ ಸರ್ವೇಗಳ ರಾಶಿ ಇದೆ. ಇನ್ನೊಂದು ಕೆಲಸ ಕೊಡುವಾಗ ಅದಕ್ಕೆ ದುಡ್ಡನ್ನೂ ಕೊಡಬೇಕು. ಸುಮ್ನೆ ಸೇವೆ ಸೇವೆ ಅಂದರೆ ಆಗುವುದಿಲ್ಲ.

ಈಗ ಬೆನ್ನಿಗೆ ಬರೋಣ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 62 ಕೋಟಿ ಜನರಿಗೆ ಸೊಂಟನೋವಿತ್ತು. ನಮ್ಮ ಅಡಿಕೆ ಸೀಮೆಯಲ್ಲಿ ಕೊಯ್ಲಿನ ಕಾಲದಲ್ಲಿ ಸುಲಿಯುವ ಮನೆಗೆ ಹೋಗಿ ನೋಡಿ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಬೆನ್ನು ಬಗ್ಗಿಸಿ ಕೂತರೆ ರಾತ್ರಿ ಎಷ್ಟೊತ್ತಿಗೆ ಏಳುತ್ತಾರೋ. ಸುಲಿದಷ್ಟಕ್ಕೆ ಕೂಲಿ, ಹಾಗಾಗಿ ಏಳಲು ಮನಸ್ಸು ಬರುವುದಿಲ್ಲ. ಇವರಿಗೆ "ವಿಶ್ರಾಂತಿ ತಗೊಳ್ಳಿ" ಅನ್ನುವುದು ಬಾಯಿಮಾತು. ಕೂರುವ ಮಣೆಯನ್ನು ಸ್ವಲ್ಪ ಎತ್ತರಿಸಬಹುದು. ಬುಟ್ಟಿಯನ್ನು ಬೆನ್ನ ಹಿಂದೆ ಇಡುವ ಬದಲು ಪಕ್ಕಕ್ಕೆ ಇಡಬಹುದು, ಆಗ ಸೊಂಟ ತಿರುಚುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈ ಕೊಟ್ಟು ನಾಲ್ಕು ಸಲ ಹಿಂದಕ್ಕೆ ಬಾಗಬಹುದು. ಅದಕ್ಕೆ ಒಂದು ನಿಮಿಷವೂ ಬೇಡ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತವರಿಗೂ ಇದೇ ಮಾತು. ಆದರೆ ಅಲ್ಲಿ ಏಳಬೇಕೋ ಬೇಡವೋ ಅಂತ ತೀರ್ಮಾನಿಸುವವರು ಸೂಪರ್‌ವೈಸರ್.

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಬಂದವರು ಈ ಸಭೆಯಲ್ಲೂ ಇರಬಹುದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ ಮಾಡಿಸಿ, ತಿಳಿವಳಿಕೆ ಕೊಡಿ ಅಂದಿತು. ಬೆಲ್ಟನ್ನೂ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನೂ ಮಾಮೂಲಿಯಾಗಿ ಕೊಡಬೇಡಿ ಅಂದಿತು. ಸ್ಕ್ಯಾನಿನಲ್ಲಿ "ಡಿಸ್ಕ್ ಸವೆದಿದೆ" ಅಂತ ಓದಿ ಬಾಗುವುದನ್ನೇ ಬಿಟ್ಟವರನ್ನು ನಾನು ದಿನಾ ನೋಡುತ್ತೇನೆ. ನೋವೇ ಇಲ್ಲದ ಇಪ್ಪತ್ತರ ಹುಡುಗರನ್ನು ಸ್ಕ್ಯಾನ್ ಮಾಡಿದರೂ ಮೂವರಲ್ಲಿ ಒಬ್ಬರಿಗೆ ಡಿಸ್ಕ್ ಸವೆದಿರುತ್ತದೆ. ಹಾಗಂತ ಎಲ್ಲವನ್ನೂ ಕಡೆಗಣಿಸುವಂತಿಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಯ ಸಂದಿನಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಇಳಿಯುತ್ತಾ ಹೋದರೆ ನಮ್ಮ ಹತ್ತಿರ ಬರಬೇಡಿ. ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

ಹೆಂಗಸರ ಜೊತೆ ಇನ್ನೊಂದು ವಿಷಯ ಮಾತಾಡಬೇಕು. ಗಂಡಸರೂ ಕೇಳಿಸಿಕೊಳ್ಳಿ, ಎದ್ದು ಹೋಗುವ ಅಗತ್ಯವಿಲ್ಲ. ಹೆರಿಗೆಯಾದ ಮೇಲೆ ಎಷ್ಟೋ ಜನರಿಗೆ ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ಅತ್ತೆಗೂ ಇರುತ್ತದೆ, ಸೊಸೆಗೂ ಇರುತ್ತದೆ, ಒಬ್ಬರಿಗೊಬ್ಬರು ಹೇಳಿರುವುದಿಲ್ಲ. ಮದುವೆಮನೆಗೆ ಹೋಗುವುದನ್ನೇ ನಿಲ್ಲಿಸಿದವರಿದ್ದಾರೆ. ಇದಕ್ಕೆ ವ್ಯಾಯಾಮ ಇದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಅದರ ಬಗ್ಗೆ ಬರೆದಿದ್ದರು. ಮೂತ್ರವನ್ನೂ ಗಾಳಿಯನ್ನೂ ತಡೆಹಿಡಿಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಐದು ಸೆಕೆಂಡ್ ಹಿಡಿದು ಬಿಡಿ. ಉಸಿರು ಕಟ್ಟಬೇಡಿ, ಹೊಟ್ಟೆ ಬಿಗಿಯಬೇಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳು ಬಿಡದೆ ಮಾಡಿ. ಪಾತ್ರೆ ತೊಳೆಯುತ್ತಾ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಬಾಣಂತಿಗೆ ಹೊಟ್ಟೆ ಬಿಗಿದು ಕಟ್ಟಲು ನಾಲ್ಕು ಜನ ಹಿರಿಯರು ಓಡಿ ಬರುತ್ತಾರೆ, ಅಲ್ವಾ? ಈ ವ್ಯಾಯಾಮ ಹೇಳಿಕೊಡಲು ಮಾತ್ರ ಯಾರೂ ಇಲ್ಲ.

ನಮ್ಮವರನ್ನೂ ಸ್ವಲ್ಪ ಬೈಯಬೇಕು. ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಮಾರಿ, ಮಷೀನಿಗೆ ಸಿಕ್ಕಿಸಿ ಮೊಬೈಲ್ ನೋಡುತ್ತಾ ಕೂರುವ ಕ್ಲಿನಿಕ್‌ಗಳಿವೆ. ಅಲ್ಲಿಂದ ಬಂದ ರೋಗಿಗೆ ಮನೆಯಲ್ಲಿ ಏನು ಮಾಡಬೇಕು ಅಂತ ಕೇಳಿದರೆ ಒಂದು ವ್ಯಾಯಾಮವೂ ಗೊತ್ತಿರುವುದಿಲ್ಲ. ಓದುವ ಮಕ್ಕಳಿಗೆ ಕ್ರಿಕೆಟ್ ತಂಡದ ಕನಸು, ಇಲ್ಲವೇ ವಿದೇಶದ ಕನಸು. ಅವರನ್ನಷ್ಟೇ ದೂರುವುದೂ ಸರಿಯಲ್ಲ. ಊರಿನಲ್ಲಿ ಹುದ್ದೆಯೇ ಇಲ್ಲದಿದ್ದರೆ ಊರಿಗೆ ಬಂದು ಏನು ಮಾಡುತ್ತಾರೆ? 2021ರಲ್ಲಿ ಸಂಸತ್ತು ಫಿಸಿಯೋಥೆರಪಿಯೂ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ತಂದಿತು. ಯಾರು ಓದಿದವರು, ಯಾರು ಬೋರ್ಡ್ ಹಾಕಿಕೊಂಡವರು ಅಂತ ವಿಂಗಡಿಸಲು ಅದು ನೆರವಾದೀತು. ಹುದ್ದೆ ತುಂಬುವುದು ಸರ್ಕಾರದ ಕೈಯಲ್ಲಿದೆ. ಗ್ರಾಮಸಭೆಯಲ್ಲಿ ಚರಂಡಿ ಕೇಳುವ ಹಾಗೆ ಇದನ್ನೂ ಕೇಳಿ. ಬಚ್ಚಲಿಗೆ ಹಿಡಿಕೆ ಹಾಕಿಸುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಸ್ಕ್ಯಾನ್ ರಿಪೋರ್ಟ್ ತಂದವರು ಸದ್ಯಕ್ಕೆ ಅದನ್ನು ಚೀಲದಲ್ಲೇ ಇಟ್ಟುಕೊಳ್ಳಿ. ಮೊದಲು ನೀವು ಆ ಕುರ್ಚಿಯಿಂದ ಹೇಗೆ ಏಳುತ್ತೀರಿ ಅಂತ ನೋಡುತ್ತೇನೆ.