ಬೇಸಿಗೆಯ ಬಯಲಿನಲ್ಲಿ ಹಾಡಿನ ಸರದಿ

ಹಿರಿಯರಿಗೂ ಗೆಳೆಯರಿಗೂ ಶರಣು.

ಬೇಸಿಗೆಯ ಬಯಲು ಸಂಗೀತೋತ್ಸವಗಳಲ್ಲಿ ಕಾಣುವ ಕಲಾವಿದರ ವೈವಿಧ್ಯದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಮ್ಮ ಕಲಬುರಗಿ ಕಡೆಯ ಯಾವುದೇ ಉತ್ಸವದ ಆಹ್ವಾನ ಪತ್ರಿಕೆ ಬಿಡಿಸಿದರೂ ವೈವಿಧ್ಯಕ್ಕೆ ಬರವಿಲ್ಲ. ವಚನ ಗಾಯನ, ಹಿಂದೂಸ್ತಾನಿ, ತತ್ವಪದ, ಕವ್ವಾಲಿ, ಹಲಗಿ ಮೇಳ, ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ಸಿನಿಮಾ ಗಾಯಕರ ರಸಮಂಜರಿ, ಇವೆಲ್ಲವೂ ಒಂದೇ ಹಾಳೆಯಲ್ಲಿ ಇರುತ್ತವೆ. ಯಾರನ್ನು ಕರೆಯಬೇಕೆಂಬುದರ ಮೇಲೆ ಸಮಿತಿಗಳು ವಾರಗಟ್ಟಲೆ ಚರ್ಚಿಸುತ್ತವೆ. ಆದರೆ ಯಾರು ಯಾರ ನಂತರ, ಯಾವ ಹೊತ್ತಿನಲ್ಲಿ, ಎಲ್ಲಿ ಕುಳಿತು ಹಾಡಬೇಕೆಂಬುದು ಕಾರ್ಯಕ್ರಮದ ಹಿಂದಿನ ದಿನ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಐದು ನಿಮಿಷದ ಬಗ್ಗೆ.

ಕೆಲವು ವರ್ಷಗಳ ಹಿಂದೆ ಒಂದು ಉತ್ಸವದಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತು ನೋಡಿದ್ದನ್ನು ಹೇಳುತ್ತೇನೆ. ಸಂಜೆ ಆರು ಗಂಟೆಗೆ ತತ್ವಪದದ ಮೇಳವನ್ನು ವೇದಿಕೆ ಹತ್ತಿಸಿದರು. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲಿನ ಹೊತ್ತಿಗಾದ್ದರಿಂದ ಇಳಿಬಿಸಿಲು ಅವರ ಮುಖದ ಮೇಲೆಯೇ ಬೀಳುತ್ತಿತ್ತು. ಮುಂದೆ ಖಾಲಿ ಕುರ್ಚಿಗಳಿದ್ದವು. ಐದು ಜನ ಕಲಾವಿದರನ್ನು ಒಂದೇ ಸಾಲಿನಲ್ಲಿ, ಸಭೆಗೆ ಮುಖ ಮಾಡಿ ಕೂರಿಸಿ, ಎರಡು ಮೈಕು ಇಟ್ಟಿದ್ದರು. ಮುಮ್ಮೇಳದ ಹಿರಿಯರು ಏಕತಾರಿ ಮೀಟುತ್ತ ಒಂದು ಸಾಲು ಎತ್ತಿ ಹಾಡಿ, ಅಭ್ಯಾಸಬಲದಿಂದ ಪಕ್ಕದವರ ಕಡೆ ತಿರುಗಿದರು. ತಿರುಗಿದ ಕೂಡಲೇ ಅವರ ದನಿ ಮೈಕಿನಿಂದ ತಪ್ಪಿಹೋಯಿತು. ಧ್ವನಿವರ್ಧಕದ ಹುಡುಗ ಓಡಿಬಂದು ಅವರ ಗದ್ದ ಹಿಡಿದು ನೇರ ಮಾಡಿದ. ಅವರು ಮತ್ತೆ ತಿರುಗಿದರು. ಹದಿನೈದು ನಿಮಿಷದ ಅವರ ಸರದಿಯಲ್ಲಿ ಇದು ನಾಲ್ಕು ಸಲ ನಡೆಯಿತು.

ಆ ಹಿರಿಯರ ತಪ್ಪೇನೂ ಇರಲಿಲ್ಲ. ತತ್ವಪದ ಸಭೆಗೆ ಒಪ್ಪಿಸುವ ಹಾಡೇ ಅಲ್ಲ. ಒಬ್ಬರು ಎತ್ತಿದ ಸಾಲನ್ನು ಉಳಿದವರು ಹಿಡಿದು, ಮರಳಿ ಅವರಿಗೇ ಒಪ್ಪಿಸುವ ಹಾಡು ಅದು. ಅದಕ್ಕಾಗಿಯೇ ಅದನ್ನು ಹಾಡುವವರು ದುಂಡಾಗಿ ಕೂರುತ್ತಾರೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯಬಳಗವನ್ನು ನೆನೆದರೆ ಇದು ಹೊಳೆಯುತ್ತದೆ. ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಹೇಬ, ತೆಲಗಬಾಳ ರೇವಪ್ಪ, ಹೀಗೆ ಬೇರೆ ಬೇರೆ ಜಾತಿಮತದವರು ಒಬ್ಬ ಗುರುವಿನ ಸುತ್ತ ಸೇರಿದ ಪರಂಪರೆ ಅದು. ಅಮಾವಾಸ್ಯೆಯ ಇರುಳಿನ ಭಜನೆಯಲ್ಲಿ ಆ ಪದಗಳು ಏರುವುದು ನಡುರಾತ್ರಿ ದಾಟಿದ ಮೇಲೆ, ದಮ್ಮಡಿ ಎಂಬ ಚರ್ಮವಾದ್ಯ ಕೈಗೆ ಹೊಂದಿಕೊಂಡ ಮೇಲೆ. ಅಂಥ ಹಾಡಿಗೆ ಆರರಿಂದ ಆರೂಕಾಲರವರೆಗೆ ಸಮಯ ಕೊಟ್ಟು, ‘ಜಾನಪದಕ್ಕೂ ಅವಕಾಶ ಕಲ್ಪಿಸಿದ್ದೇವೆ’ ಎಂದು ಭಾಷಣ ಮಾಡುವುದು ಅತಿಥಿಯನ್ನು ಕರೆದು ಪಡಸಾಲೆಯಲ್ಲಿಯೇ ನಿಲ್ಲಿಸಿ ಕಳಿಸಿದ ಹಾಗೆ.

ಹೊತ್ತಿನ ಪ್ರಶ್ನೆ ಬರಿಯ ಮರ್ಯಾದೆಯದ್ದಲ್ಲ, ಗಾಳಿಯದ್ದೂ ಹೌದು. ಹಗಲಿನಲ್ಲಿ ನಮ್ಮ ಕರಿಮಣ್ಣು, ಡಾಂಬರು, ಶಹಾಬಾದ ಫರಸಿ ಕಲ್ಲು ಎಲ್ಲವೂ ಕಾದು, ನೆಲಕ್ಕೆ ಹತ್ತಿರದ ಗಾಳಿ ಮೇಲಿನದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಶಬ್ದ ಬಿಸಿಗಾಳಿಯಲ್ಲಿ ಹೆಚ್ಚು ವೇಗದಿಂದ ಸಾಗುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇದ್ದದ್ದು 40 ಡಿಗ್ರಿಯಲ್ಲಿ ಸುಮಾರು 355 ಆಗುತ್ತದೆ. ಕೆಳಗಿನ ಭಾಗ ಬೇಗ, ಮೇಲಿನ ಭಾಗ ನಿಧಾನ ಸಾಗುವುದರಿಂದ ಶಬ್ದದ ಅಲೆ ಮೇಲಕ್ಕೆ ಬಾಗಿ, ಹಿಂದೆ ಕುಳಿತವರ ತಲೆಯ ಮೇಲಿಂದ ಹಾರಿಹೋಗುತ್ತದೆ. ಇಳಿಹೊತ್ತಿನಲ್ಲಿ ಹಾಡುವವನು ಎಷ್ಟು ಕೂಗಿದರೂ ಹಿಂದಿನ ಸಾಲಿಗೆ ತಲುಪದಿರುವುದಕ್ಕೂ, ಧ್ವನಿವರ್ಧಕದವರು ಒಂದೇ ಸಮನೆ ಗುಂಡಿ ತಿರುವುತ್ತ ಹೋಗುವುದಕ್ಕೂ ಇದೊಂದು ಕಾರಣ. ರಾತ್ರಿ ನೆಲ ತಣ್ಣಗಾದಂತೆ ಲೆಕ್ಕ ತಿರುಗುಮುರುಗಾಗಿ, ಶಬ್ದ ನೆಲದ ಕಡೆಗೆ ಬಾಗುತ್ತದೆ. ಮಾಳಿಗೆಯ ಮೇಲೆ ಮಲಗಿದವರಿಗೆ ಆಚೆ ಊರಿನ ಭಜನೆ ಪಕ್ಕದ ಓಣಿಯಲ್ಲಿ ನಡೆದಂತೆ ಕೇಳುತ್ತಿದ್ದುದು ಹೀಗೆ.

ವಾದ್ಯಗಳ ಪಾಡು ಬೇರೆ. ಒಣ ಸೆಕೆಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ. ಸಿತಾರಿನ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಪೇಟಿ, ಎಂದರೆ ಹಾರ್ಮೋನಿಯಂ, ಮಾತ್ರ ಹೆಚ್ಚು ಕದಲುವುದಿಲ್ಲ. ಮೂವರೂ ಒಂದೇ ವೇದಿಕೆಯಲ್ಲಿ ಕುಳಿತು ಮೂರು ದಿಕ್ಕಿಗೆ ಹೊರಟಂತಾಗುತ್ತದೆ. ಶ್ರುತಿ ಕೂಡಿಸಿಕೊಳ್ಳಲು ಬೇಕಾದ ಹತ್ತು ನಿಮಿಷವನ್ನು ನಿರೂಪಕರು ಗಣ್ಯರ ಸನ್ಮಾನಕ್ಕೆ ಕೊಟ್ಟುಬಿಡುತ್ತಾರೆ. ಹಲಗಿಯವರಿಗೆ ಬೇಕಾದದ್ದು ಬೆಂಕಿ. ಬಿಸಿಲಿಗೇ ಬಿಗಿದ ಚರ್ಮಕ್ಕೂ ಬಡಿಯುವ ಮುನ್ನ ಕೊನೆಯದೊಂದು ಕಾವು ಕೊಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಮೊದಲು ಹೇಳಿದ ಉತ್ಸವದಲ್ಲಿಯೇ, ವೇದಿಕೆಯ ಹಿಂದೆ ಹುಲ್ಲು, ರದ್ದಿ ಕಾಗದ ಹೊತ್ತಿಸಿ ಹಲಗಿ ಕಾಯಿಸುತ್ತಿದ್ದವರ ಬೆಂಕಿಗೆ ಶಾಮಿಯಾನದ ಭಯದಿಂದ ಒಬ್ಬ ಕಾರ್ಯಕರ್ತ ಒಂದು ಕೊಡ ನೀರು ಸುರಿದ. ನೀರು ಹಲಗಿಯ ಮೇಲೂ ಸಿಡಿಯಿತು. ಶಾಮಿಯಾನದ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಬೆಂಕಿಗೆ ಇಪ್ಪತ್ತು ಅಡಿ ದೂರದಲ್ಲಿ ಒಂದು ಜಾಗ ಗುರುತಿಸಿಕೊಡಲು ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಹಳೆಯ ಬೇಸಿಗೆಯ ಕೂಟಗಳು ಈ ಗೊಂದಲವನ್ನು ಹೇಗೆ ದಾಟುತ್ತಿದ್ದವು? ಹೋಳಿಯ ನಂತರ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆದಾಗ ಬಿಸಿಲು ಆಗಲೇ ಬಲಿತಿರುತ್ತದೆ. ಅದರ ಬೆನ್ನಿಗೆ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸು, ಹಿಂದೂ ಪಂಚಾಂಗದ ಲೆಕ್ಕದಂತೆಯೇ, ಬೀದರಿನ ಅಷ್ಟೂರಿನಲ್ಲಿ ನಡೆಯುತ್ತದೆ. ಅಲ್ಲಿಗೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ಭಕ್ತರೊಡನೆ ಬರುತ್ತಾರೆ. ಕಲಬುರಗಿಯ ಸೂಫಿ ಸಂತ ಬಂದೇನವಾಜರ ಉರುಸು ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳ 15ರಿಂದ ನಡೆಯುವುದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಈಚಿನ ವರ್ಷಗಳಲ್ಲಿ ಮೇ ತಿಂಗಳಿಗೆ ಬಂದಿದೆ. ಬಂದೇನವಾಜರು ಸಮಾ ಎಂಬ ಸಂಗೀತಶ್ರವಣವನ್ನು ಸಾಧನೆಯೆಂದು ಬಗೆದ ಚಿಶ್ತಿ ಪಂಥದವರು. ಇಂಥ ಕೂಟಗಳಲ್ಲಿ ಒಂದೇ ವೇದಿಕೆ ಎಂಬುದು ಇರಲಿಲ್ಲ. ಕವ್ವಾಲಿ ಒಂದು ಕಡೆ, ಭಜನೆ ಒಂದು ಕಡೆ, ಡೊಳ್ಳು, ಹಲಗಿ ದಾರಿಯುದ್ದಕ್ಕೂ. ಕಲಾವಿದ ಕುಳಿತಲ್ಲೇ ಇರುತ್ತಿದ್ದ, ಕೇಳುಗ ಎದ್ದು ಹೋಗುತ್ತಿದ್ದ. ಈಗ ಕೇಳುಗನನ್ನು ಕುರ್ಚಿಗೆ ಕೂರಿಸಿ ಕಲಾವಿದರನ್ನು ಓಡಿಸುತ್ತಿದ್ದೇವೆ.

ಜಾಗ ಕಳೆದುಕೊಂಡ ಹಾಡು ಏನಾಗುತ್ತದೆಂಬುದಕ್ಕೆ ಹಂತಿ ಪದವೇ ಸಾಕ್ಷಿ. ಜೋಳದ ರಾಶಿ ಮಾಡುವಾಗ ಕಣದಲ್ಲಿ ಹಂತಿಯ ಎತ್ತುಗಳು ನಡುಗಂಬವಾದ ಮೇಟಿಯನ್ನು ಸುತ್ತುತ್ತಿರಲು, ನಿದ್ದೆ ಬಾರದಿರಲೆಂದು ರಾತ್ರಿಯಿಡೀ ಹಾಡುತ್ತಿದ್ದ ಪದ ಅದು. ರಾಶಿ ಮಾಡುವ ಯಂತ್ರ ಬಂತು, ಎತ್ತು ಹೋಯಿತು, ಹಾಡು ಪುಸ್ತಕ ಸೇರಿತು.

ದೂರದ ಒಂದು ಉದಾಹರಣೆಯೂ ಇಲ್ಲಿ ಒದಗಿಬರುತ್ತದೆ. 1967ರ ಜೂನ್‌ನಲ್ಲಿ ಅಮೆರಿಕದ ಮಾಂಟೆರೆ ಉತ್ಸವಕ್ಕೆ ಹೋದ ಸಿತಾರ್ ವಾದಕ ಪಂಡಿತ ರವಿಶಂಕರರಿಗೆ ಭಾನುವಾರದ ಮಧ್ಯಾಹ್ನವನ್ನು ಇಡಿಯಾಗಿ ಬಿಟ್ಟುಕೊಟ್ಟಿದ್ದರು. ಹಿಂದೆ ಮುಂದೆ ಗಿಟಾರಿನ ಅಬ್ಬರವಿರಲಿಲ್ಲ. ತಬಲಾದಲ್ಲಿ ಅಲ್ಲಾರಖಾ ಇದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡು ವರ್ಷದ ನಂತರ, 1969ರ ಆಗಸ್ಟ್‌ನಲ್ಲಿ, ಅದೇ ರವಿಶಂಕರರು ಅದೇ ಅಲ್ಲಾರಖಾರೊಡನೆ ಅಮೆರಿಕದ್ದೇ ಆದ ವುಡ್‌ಸ್ಟಾಕ್ ಉತ್ಸವದಲ್ಲಿ ಮೊದಲ ದಿನದ ರಾತ್ರಿ, ಮಳೆಯಲ್ಲಿ, ಇತರರ ನಡುವೆ ಸಿಕ್ಕ ಸರದಿಯಲ್ಲಿ ನುಡಿಸಿದರು. ಮೊದಲನೆಯದನ್ನು ಅವರು ಪ್ರೀತಿಯಿಂದ ನೆನೆಯುತ್ತಿದ್ದರು, ಎರಡನೆಯದನ್ನು ಬೇಸರದಿಂದ. ಕಲಾವಿದ ಅವನೇ, ವಾದ್ಯ ಅದೇ.

ಇಷ್ಟು ಹೇಳಿದ ಮೇಲೆ ರಾತ್ರಿಯಿಡೀ ಹಾಡಿಸೋಣ ಎಂದು ನಾನು ಹೇಳುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ವಾದ್ಯಗಳೂ ಅದರೊಳಗೆ ಬರುತ್ತವೆ. ವರ್ಷಕ್ಕೆ ಹದಿನೈದು ದಿನ ಮೀರದಂತೆ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಮಲಗುವ ಮಗುವಿಗೂ ರೋಗಿಗೂ ನಿಯಮ ಬೇಕು. ಅದರ ಬಗ್ಗೆ ದೂರು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಎಲ್ಲ ಸಂಘಟಕರೂ ಆರರಿಂದ ಹತ್ತರ ನಾಲ್ಕು ಗಂಟೆಯೊಳಗೆ ಹನ್ನೆರಡು ತಂಡಗಳನ್ನು ತುರುಕುವಾಗ, ಅದೇ ನಿಯಮ ತೆರೆದಿಟ್ಟಿರುವ ಇನ್ನೊಂದು ಬಾಗಿಲನ್ನು ನೋಡಿಯೇ ಇಲ್ಲ.

ಅದು ಬೆಳಗಿನ ಆರು ಗಂಟೆ. ಮೇ ತಿಂಗಳಲ್ಲಿ ಇಲ್ಲಿ ಐದೂ ಮುಕ್ಕಾಲಿನ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಇಡೀ ದಿನದಲ್ಲಿ ಮೈಗೆ ಹಿತವೆನಿಸುವ ಹೊತ್ತು ಅದೊಂದೇ. ಗಾಳಿ ನಿಂತಿರುತ್ತದೆ, ನೆಲ ತಂಪಾಗಿರುತ್ತದೆ, ದನಿ ದೂರ ಹೋಗುತ್ತದೆ. ಸೆಕೆಗೆ ನಿದ್ದೆಗೆಟ್ಟ ಊರು ಹೇಗೂ ಎದ್ದಿರುತ್ತದೆ. ಸಂಜೆಯ ಕಚೇರಿಗಳಲ್ಲಿಯೇ ಬೆಳೆದ ನಮ್ಮ ಊರಿನ ಕೇಳುಗರು ಸಂಜೆ, ರಾತ್ರಿಯ ರಾಗಗಳಾದ ಯಮನ್, ಮಾಲಕಂಸಗಳನ್ನು ನೂರು ಸಲ ಕೇಳಿದ್ದಾರೆ. ಬೆಳಗಿನ ರಾಗಗಳಾದ ಭೈರವ, ತೋಡಿಗಳನ್ನು ಕಲಾವಿದರ ಎದುರು ಕುಳಿತು ಕೇಳಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ?

ಹಾಗಾಗಿ ಮುಂದಿನ ಬೇಸಿಗೆಯ ಉತ್ಸವಕ್ಕೆ ನನ್ನದೊಂದು ಬೇಡಿಕೆ. ಹಲಗಿ, ಕವ್ವಾಲಿ, ರಸಮಂಜರಿಗಳು ಸಂಜೆಗೆ ಇರಲಿ. ಅವಕ್ಕೆ ದೀಪವೂ ಜನಜಂಗುಳಿಯೂ ಒಪ್ಪುತ್ತವೆ. ತತ್ವಪದದವರಿಗೂ ಒಬ್ಬ ಹಿಂದೂಸ್ತಾನಿ ಗಾಯಕರಿಗೂ ಬೆಳಗಿನ ಆರರಿಂದ ಎಂಟನ್ನು ಇಡಿಯಾಗಿ ಕೊಡಿ. ವೇದಿಕೆ ಬೇಡ, ಕುರ್ಚಿ ಬೇಡ. ಕೆರೆಯ ದಂಡೆಯಲ್ಲಿಯೋ ಕೋಟೆಯ ಅಂಗಳದಲ್ಲಿಯೋ ಎರಡು ಜಮಖಾನೆ ಹಾಸಿ, ಮೊದಲು ತತ್ವಪದದವರು ದುಂಡಾಗಿ ಕೂರಲಿ, ನಾವು ಅವರ ಸುತ್ತ ಕೂರೋಣ. ಆಗ ಆ ಹಿರಿಯರು ಯಾವ ಕಡೆ ತಿರುಗಿ ಹಾಡಿದರೂ ಎದುರಿಗೆ ಯಾರಾದರೂ ಇರುತ್ತಾರೆ.