ಹೆಸರು ಬದಲಿಸಿ, ಹಳೆಯದನ್ನು ಮುಚ್ಚಬೇಡಿ

ನಮಸ್ಕಾರ. ಬೈತಖೋಲದಲ್ಲಿ ಬಲೆ ಹೆಣೆಯುತ್ತಾ ರೇಡಿಯೋ ಕೇಳುತ್ತಿರುವವರಿಗೆ, ಶಿರಸಿ ಕಡೆ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರಿಗೆ, ಡ್ರೈವರ್ ಹಾಕಿದ್ದಾನೆ ಅಂತ ಬೇರೆ ದಾರಿ ಇಲ್ಲದೆ ಬಸ್ಸಿನಲ್ಲಿ ಕೂತು ಕೇಳುತ್ತಿರುವವರಿಗೂ ನಮಸ್ಕಾರ. ನಾನು ವಕೀಲ. ಕಾರವಾರದ ಸೆಖೆಯಲ್ಲಿ ಮೂವತ್ತು ವರ್ಷದಿಂದ ಕಪ್ಪು ಕೋಟು ಹಾಕಿಕೊಂಡು ಬೆವರುತ್ತಿದ್ದೇನೆ.

ಈ ಮಾತು ಯಾಕೆ ಬಂತು ಅಂದರೆ, ಹೋದ ತಿಂಗಳು ಕೋರ್ಟಿನ ಎದುರಿನ ಚಹಾ ಅಂಗಡಿಯಲ್ಲಿ ಒಬ್ಬರು ನನ್ನನ್ನು ಹಿಡಿದುಕೊಂಡರು. "ಅಲ್ಲ ವಕೀಲರೇ, ಜೈಲಿಗೆ ಹೋಗಿ ಬಂದವನು ಹೆಸರು ಬದಲಿಸಿಕೊಂಡು ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ನಮಗೆ ಹೇಗೆ ಗೊತ್ತಾಗಬೇಕು? ಅಂಥವರಿಗೆ ಹೆಸರು ಬದಲಿಸಲು ಕೊಡಲೇಬಾರದು ಅಂತ ಕಾನೂನು ಮಾಡಬೇಕು" ಅಂದರು. ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ನನಗೆ ಚಹಾ ಆರಿಹೋಯಿತು. ಅಲ್ಲಿ ಪೂರ್ತಿ ಹೇಳಲು ಆಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ, ಇಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ಒಂದು ವಿಷಯ. ನಮ್ಮ ದೇಶದಲ್ಲಿ ಶಿಕ್ಷೆಯಾದವನು ಹೆಸರು ಬದಲಿಸಬಾರದು ಅಂತ ಹೇಳುವ ಕಾಯ್ದೆ ಇಲ್ಲ. ಛಾಪಾ ಕಾಗದದ ಮೇಲೆ ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ಆಮೇಲೆ ಗೆಜೆಟ್, ಅಂದರೆ ಸರ್ಕಾರದ ರಾಜ್ಯಪತ್ರ. ನನಗೂ ಅದೇ ದಾರಿ, ನಿಮಗೂ ಅದೇ ದಾರಿ, ಜೈಲಿನಿಂದ ಬಂದವನಿಗೂ ಅದೇ ದಾರಿ. ಅದು ಸರಿಯೇ ಅಂತ ನನ್ನ ಅಭಿಪ್ರಾಯ. ಹೆಸರು ಬದಲಿಸಲಿ. ಹಳೆಯದನ್ನು ಮುಚ್ಚಬಾರದು, ಅಷ್ಟೇ. ಇವತ್ತು ನಾನು ಹೇಳುವುದು ಇದೊಂದೇ ಮಾತು, ಇನ್ನು ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಕಥೆ ಹೇಳಬೇಕು. ಕಥೆ ಅಲ್ಲ, ನಡೆದದ್ದು. ಅಂಕೋಲೆ ಕಡೆಯ ಒಂದು ಊರು. ಅಲ್ಲಿ ಒಂದೇ ಹೆಸರಿನ ಇಬ್ಬರು. ನಮ್ಮ ಕಡೆ ಅದೇನು ದೊಡ್ಡದಲ್ಲ. ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತೇವೆ, ಅಜ್ಜನಿಗೆ ಮೂರು ಮಕ್ಕಳಿದ್ದರೆ ಮೂರು ಮನೆಯಲ್ಲೂ ಅದೇ ಹೆಸರು, ಅಂಗಳದಲ್ಲಿ ನಿಂತು ಒಬ್ಬನನ್ನು ಕರೆದರೆ ಮೂವರು ಓ ಅನ್ನುತ್ತಾರೆ. ಇವರಿಬ್ಬರೂ ಹಾಗೇ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಹೆಸರಿನ ಬಗ್ಗೆ ಮಾತಾಡುತ್ತಾ ಹೆಸರೇ ಹೇಳದಿದ್ದರೆ ವಿಚಿತ್ರ, ಆದರೆ ಹೇಳುವಂತಿಲ್ಲ. ಮೇಲಿನಕೇರಿಯವ, ಕೆಳಗಿನಕೇರಿಯವ ಅಂತ ಇಟ್ಟುಕೊಳ್ಳೋಣ.

ಮೇಲಿನಕೇರಿಯವ ದೋಣಿಗೆ ಹೋಗುತ್ತಿದ್ದ. ಒಂದು ರಾತ್ರಿ ದಡದಲ್ಲಿ ಪಾಲಿನ ದುಡ್ಡಿನ ವಿಷಯಕ್ಕೆ ಜಗಳವಾಯಿತು. ಕುಡಿದಿದ್ದರು, ಇಬ್ಬರೂ ಕುಡಿದಿದ್ದರು. ಇವನು ದೋಣಿಯ ಹುಟ್ಟಿನಿಂದ ಹೊಡೆದ, ಎದುರಿನವನು ಬಿದ್ದ, ಆಸ್ಪತ್ರೆ ಮುಟ್ಟುವುದರೊಳಗೆ ಹೋದ. ಕೊಲೆ ಅಂತ ಕೇಸು ಹಾಕಿದರು, ಕೊನೆಗೆ ಆಗಿನ ಐಪಿಸಿ 304ರ ಎರಡನೇ ಭಾಗಕ್ಕೆ ಇಳಿಯಿತು, ಅಂದರೆ ಕೊಲ್ಲುವ ಉದ್ದೇಶ ಇರಲಿಲ್ಲ, ಸಾಯಬಹುದು ಅಂತ ಮಾತ್ರ ಗೊತ್ತಿತ್ತು ಅಂತ. ಐದು ವರ್ಷ. ಹಿಂಡಲಗಾ ಜೈಲಿನಲ್ಲಿ ಕಳೆದು ಬಂದ. ಬಂದವನು ಬದಲಾಗಿದ್ದ ಅಂತೆಲ್ಲ ನಾನು ಹೇಳುವುದಿಲ್ಲ, ನನಗೇನು ಗೊತ್ತು? ಕುಡಿಯುವುದು ಬಿಟ್ಟಿದ್ದ, ಅದು ಊರಿಗೆಲ್ಲ ಗೊತ್ತಿತ್ತು.

ಅವನು ನನ್ನ ಹತ್ತಿರ ಬಂದದ್ದು ಮಗಳ ಸಲುವಾಗಿ. ಹುಡುಗಿ ಏಳನೇ ಕ್ಲಾಸು. ಶಾಲೆಯಲ್ಲಿ ಅಪ್ಪನ ಹೆಸರು ಸೇರಿಸಿ ಹಾಜರಿ ಕರೆಯುತ್ತಿದ್ದರು. ಕರೆದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು. ಮಗಳು ಒಂದು ದಿನ ಮನೆಗೆ ಬಂದು "ಅಪ್ಪ, ನೀನು ಬೇರೆ ಹೆಸರು ಇಟ್ಟುಕೋ" ಅಂದಳಂತೆ. ಅವನು ಇದನ್ನು ನನಗೆ ಹೇಳುವಾಗ ಟೇಬಲ್ಲಿನ ಮೇಲಿದ್ದ ಪೇಪರ್‌ವೇಟು ತಿರುಗಿಸುತ್ತಾ ಕೂತಿದ್ದ. ಕೈಯೊಂದೇ ನೋಡುತ್ತಿದ್ದೆ. ದೊಡ್ಡ ಕೈ.

ಸರಿ, ಅಫಿಡವಿಟ್ ಬರೆಯಲು ಕೂತೆ. ಹಳೆ ಹೆಸರು, ಬಿನ್ ಇಂಥವರು, ವಯಸ್ಸು ಇಷ್ಟು, ಸಾಕಿನ್ ಇಂಥ ಊರು, ಇನ್ನು ಮುಂದೆ ಈ ಹೆಸರಿನಿಂದ ಗುರುತಿಸಿಕೊಳ್ಳುತ್ತೇನೆ. ಅವನು ತಡೆದ. "ಹಳೆ ಹೆಸರೂ ಹಾಕಿದರೆ ಬದಲಿಸಿ ಏನು ಬಂತು ವಕೀಲರೇ?" ಒಳ್ಳೆಯ ಪ್ರಶ್ನೆ. ನಾನು ಹೇಳಿದೆ, ನಿನ್ನ ಮಗಳ ಕ್ಲಾಸಿನಲ್ಲಿ ಗೆಜೆಟ್ ಓದುವವರು ಯಾರೂ ಇಲ್ಲ. ಅಲ್ಲಿ ಹೊಸ ಹೆಸರು ಕರೆಯುತ್ತಾರೆ. ಪೊಲೀಸರಿಗೆ, ಕೋರ್ಟಿಗೆ, ಬ್ಯಾಂಕಿಗೆ ಬೇಕಾದರೆ ಅವರು ಗೆಜೆಟ್ ತೆಗೆದು ನೋಡುತ್ತಾರೆ, ಅಲ್ಲಿ ಎರಡೂ ಇರುತ್ತವೆ. ಬೇಕಾದವರಿಗೆ ಕಾಣಬೇಕು, ಬೇಡದವರ ಬಾಯಿಗೆ ಬೀಳಬಾರದು. ಅವನಿಗೆ ಅರ್ಥವಾಯಿತೋ ಇಲ್ಲವೋ, ಸಹಿ ಹಾಕಿದ.

ಇದಾಗಿ ಒಂದೆರಡು ತಿಂಗಳಿಗೆ ಕೆಳಗಿನಕೇರಿಯವ ಬಂದ. ಇವನು ಒಂದು ಇರುವೆಯನ್ನೂ ತುಳಿದವನಲ್ಲ. ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟಿಗೆ ಹಾಕಿದ್ದ, ಪೊಲೀಸ್ ವಿಚಾರಣೆ ವರದಿಯಲ್ಲಿ ಯಾರೋ ಪುಣ್ಯಾತ್ಮರು "ಈ ಹೆಸರಿನವನಿಗೆ ಶಿಕ್ಷೆಯಾಗಿದೆ" ಅಂತ ಬರೆದು ಕಳಿಸಿದ್ದರು. ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಒಂದು ನಿಯಮ ಇದೆ. ಅರ್ಜಿ ಹಾಕುವ ಹಿಂದಿನ ಐದು ವರ್ಷದಲ್ಲಿ ನೈತಿಕ ಅಧಃಪತನ ಅಂತ ಕಾನೂನು ಕರೆಯುವ ಅಪರಾಧಕ್ಕೆ ಎರಡು ವರ್ಷಕ್ಕಿಂತ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕು. ಆದರೆ ಶಿಕ್ಷೆ ಆದದ್ದು ಇವನಿಗಲ್ಲವಲ್ಲ! ಹೆಸರು ಒಂದೇ, ಊರು ಒಂದೇ, ಬಿನ್ ಮುಂದಿನ ಹೆಸರು, ಅಂದರೆ ಅಪ್ಪನ ಹೆಸರು, ಬೇರೆ. ಬಿನ್ ಮುಂದೆ ಯಾರೂ ಓದಲಿಲ್ಲ. ಇವನು ಬಂದು ಏನು ಕೇಳಿದ ಗೊತ್ತಾ? "ನನ್ನ ಹೆಸರೂ ಬದಲಿಸಿ ಕೊಡಿ."

ನಾನು ತಲೆ ಮೇಲೆ ಕೈಹೊತ್ತು ಕೂತೆ. ಈಗ ಬದಲಿಸಿದರೆ, ಓಹೋ ಏನೋ ಮುಚ್ಚಿಡುತ್ತಿದ್ದಾನೆ ಅಂತ ಅನುಮಾನ ಗಟ್ಟಿಯಾಗುತ್ತಿತ್ತು. ತೀರ್ಪಿನ ನಕಲು ತೆಗೆಸಿದೆವು. ಅಪ್ಪನ ಹೆಸರು, ವಯಸ್ಸು ತೋರಿಸಿದೆವು. ಅದೂ ಸಾಲದು ಅಂದರು. ಕೊನೆಗೆ ಹತ್ತು ಬೆರಳಿನ ಗುರುತು ಹೋಲಿಸಿದ ಮೇಲೆ ಒಪ್ಪಿದರು. ಅಷ್ಟರಲ್ಲಿ ಎಂಟು ತಿಂಗಳು. ಮಸ್ಕತ್‌ನ ಕೆಲಸ ಬೇರೆಯವನ ಪಾಲಾಗಿತ್ತು. ಈಗ ಊರಲ್ಲೇ ಸೀಗಡಿ ವ್ಯಾಪಾರ ಮಾಡುತ್ತಾನೆ, ಸಿಕ್ಕಾಗ ಕೊಟ್ಟೆ ತುಂಬಾ ಕೊಡುತ್ತಾನೆ, ದುಡ್ಡು ಬೇಡ ಅನ್ನುತ್ತಾನೆ, ನಾನು ಕೊಡುತ್ತೇನೆ.

ನೋಡಿ, ಹೆಸರು ಗುರುತಲ್ಲ. ಬೆರಳು ಗುರುತು. ಇದು ನಿನ್ನೆ ಮೊನ್ನೆ ಕಂಡುಕೊಂಡದ್ದೂ ಅಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ಒಬ್ಬ ಗುತ್ತಿಗೆದಾರನ ಅಂಗೈ ಮುದ್ರೆಯನ್ನು ಕರಾರಿನ ಹಿಂದೆ ಒತ್ತಿಸಿಕೊಂಡ. ಆ ಮನುಷ್ಯ ಆಮೇಲೆ ಇದು ನನ್ನ ಸಹಿಯೇ ಅಲ್ಲ ಅನ್ನಬಾರದಲ್ಲ, ಅದಕ್ಕೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು, ಜಗತ್ತಿನಲ್ಲೇ ಮೊದಲನೆಯದು ಅನ್ನುತ್ತಾರೆ. ಅದರ ವಿಂಗಡಣೆಯ ಲೆಕ್ಕ ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಇಬ್ಬರೂ ನಮ್ಮವರೇ, ಹೆಸರು ಮಾತ್ರ ಅವರ ಮೇಲಿದ್ದ ಪೊಲೀಸ್ ಸಾಹೇಬ ಎಡ್ವರ್ಡ್ ಹೆನ್ರಿಗೆ ಹೋಯಿತು. (ಹೆಸರು ಯಾರಿಗೆ ಹೋಗುತ್ತದೆ ಅನ್ನುವುದೇ ಇನ್ನೊಂದು ಭಾಷಣದ ವಿಷಯ.) ಬಂಗಾಳದ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ನಮ್ಮ ಕಾರವಾರದಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಜಿಲ್ಲಾ ನ್ಯಾಯಾಧೀಶರಾಗಿದ್ದರು, ತಮ್ಮ ರವೀಂದ್ರನಾಥ ಬಂದು ಇದೇ ಕಡಲ ದಂಡೆಯಲ್ಲಿ ಅಡ್ಡಾಡಿದ್ದು ಆಗಲೇ. ಸುಮ್ನೆ ನೆನಪಾಯಿತು.

ಈಗ ಹೊಸ ವ್ಯವಸ್ಥೆ ಇನ್ನೂ ಬಿಗಿ. 2022ರ ಗುರುತಿಸುವಿಕೆ ಕಾಯ್ದೆಯಲ್ಲಿ ಶಿಕ್ಷೆಯಾದವರ ಬೆರಳಚ್ಚು, ಅಂಗೈ, ಕಣ್ಣಿನ ಪಾಪೆ, ಎಲ್ಲ ತೆಗೆದುಕೊಳ್ಳಬಹುದು, 75 ವರ್ಷ ಇಡಬಹುದು. ಎನ್‌ಎಎಫ್‌ಐಎಸ್ ಅಂತ ದೇಶಕ್ಕೆಲ್ಲ ಒಂದೇ ಬೆರಳಚ್ಚು ಭಂಡಾರ ಬಂದಿದೆ, ಅದರಲ್ಲಿ ಆ ಮನುಷ್ಯನಿಗೆ 10 ಅಂಕಿಯ ಒಂದು ನಂಬರ್. ಅವನು ಹೆಸರನ್ನು ಹತ್ತು ಸಲ ಬದಲಿಸಿದರೂ ಆ ನಂಬರ್ ಬದಲಾಗುವುದಿಲ್ಲ. 75 ವರ್ಷ ಜಾಸ್ತಿ ಆಯಿತು ಅಂತ ನನಗೂ ಅನಿಸುತ್ತದೆ, ಅದು ಬೇರೆ ಜಗಳ. ಹೀಗಿರುವಾಗ ಹೆಸರಿಗೆ ಬೀಗ ಹಾಕಿ ಯಾರನ್ನು ಹಿಡಿಯುತ್ತೀರಿ?

ಹೊರದೇಶದಲ್ಲಿ ಬೀಗ ಹಾಕಿದ್ದಾರೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಟೆಕ್ಸಸ್‌ನಲ್ಲಿ ದೊಡ್ಡ ಅಪರಾಧದ ಶಿಕ್ಷೆ ಮುಗಿದು ಎರಡು ವರ್ಷ ಕಾಯಬೇಕು, ಅರ್ಜಿಯ ಜೊತೆ ಬೆರಳಚ್ಚು ಕೊಡಬೇಕು. ಗಮನಿಸಿ, ಬೆರಳಚ್ಚು! ಇಲಿನಾಯ್‌ನಲ್ಲಿ ಹತ್ತು ವರ್ಷ ಕಾಯಬೇಕು ಅಂತ ಇಟ್ಟಿದ್ದರು, ಕೆಲವು ಅಪರಾಧಕ್ಕೆ ಜೀವಮಾನವಿಡೀ ಇಲ್ಲ ಅಂತಲೂ ಇತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ತನ್ನ ಮೂರು ಮಕ್ಕಳನ್ನು ಕೊಂದಿದ್ದ ಒಬ್ಬ ತಂದೆ ಸದ್ದಿಲ್ಲದೆ ಹೆಸರು ಬದಲಿಸಿಕೊಂಡದ್ದು ಹೊರಗೆ ಬಂದು, ಜನ ಎದ್ದು ಕೂತು, 2024ರಲ್ಲಿ ಕಾನೂನು ಬಿಗಿ ಮಾಡಿದರು. ಆ ಜನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಿಟ್ಟು ಬಂದದ್ದು "ಸದ್ದಿಲ್ಲದೆ" ಅನ್ನುವುದಕ್ಕೆ. ಮುಚ್ಚಿದ್ದಕ್ಕೆ. ಇಂಗ್ಲೆಂಡಿನ 2003ರ ಕಾಯ್ದೆ ನನಗೆ ಇಷ್ಟ. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಇರುವವನು ಹೆಸರು ಬದಲಿಸಬಹುದು, ಮೂರು ದಿನದೊಳಗೆ ಪೊಲೀಸರಿಗೆ ಹೇಳಬೇಕು, ಹೇಳದಿದ್ದರೆ ಅದೇ ಅಪರಾಧ. ಬದಲಿಸು, ಮುಚ್ಚಬೇಡ. ಅಲ್ವಾ? ನಾನು ಹೇಳುತ್ತಿರುವುದೂ ಅದನ್ನೇ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡು ನಿಮಿಷ ಅಂತ. ಕೆಳಗಿನಕೇರಿಯವನೇ ಸಮಯ ತಿಂದ.

ಹಾಗಾದರೆ ಬೇಗ ಹೇಳುತ್ತೇನೆ. ನಮ್ಮ ಕೋರ್ಟುಗಳೂ ಇದೇ ದಾರಿಯಲ್ಲಿವೆ. 2021ರಲ್ಲಿ ಸಿಬಿಎಸ್‌ಇ ಅಂಕಪಟ್ಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತನ್ನ ಹೆಸರಿನ ಮೇಲೆ ಮನುಷ್ಯನಿಗೆ ಹಕ್ಕಿದೆ, ಅದು ಮಾತಿನ ಸ್ವಾತಂತ್ರ್ಯದ ಭಾಗ ಅಂದಿತು. ಹೊಸ ಪ್ರಮಾಣಪತ್ರದಲ್ಲಿ ಹಳೆಯದರ ಟಿಪ್ಪಣಿಯೂ ಇರಲಿ ಅಂದಿತು. ನಮ್ಮ ಹೈಕೋರ್ಟೂ ಇತ್ತೀಚೆಗೆ ಉಡುಪಿಯ ಒಂದು ಮಗುವಿನ ಜನನ ದಾಖಲೆಯ ವಿಷಯದಲ್ಲಿ ಹೆಚ್ಚುಕಡಿಮೆ ಹೀಗೇ ಹೇಳಿತು, ಹೊಸ ಹೆಸರು ಬರೆಯಿರಿ, ಹಳೆಯದೂ ಕಾಣಲಿ ಅಂತ. ಚುನಾವಣೆಗೆ ನಿಲ್ಲುವವರ ಅಫಿಡವಿಟ್, ಹೆಂಡತಿ ಗಂಡನ ಹೆಸರು ಸೇರಿಸಿಕೊಳ್ಳುವುದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಕೊಟ್ಟ ದಾರಿ, ಇವೆಲ್ಲ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಚೀಟಿ ಜೇಬಿನಲ್ಲೇ ಉಳಿಯಿತು.

ಒಂದು ಮಾತ್ರ ಬಿಡುವುದಿಲ್ಲ. ಅಫಿಡವಿಟ್ ಮಾಡಿಸುವಾಗ ಹಳೆ ಹೆಸರನ್ನು ಮೊದಲು ಬರೆಸಿ. "ಉರ್ಫ್" ಅನ್ನುವ ಪದಕ್ಕೆ ಹೆದರಬೇಡಿ, ಸಿನಿಮಾದ ಕಳ್ಳರಿಗೆ ಮಾತ್ರ ಇರುವ ಪದ ಅಲ್ಲ ಅದು. ಶಿಕ್ಷೆ ಆಗಿದ್ದರೆ ಕೇಳಿದ ಕಡೆ ಮುಚ್ಚಬೇಡಿ. ಸುಳ್ಳು ಪ್ರಮಾಣ ಮಾಡಿದರೆ ಅದೇ ಹೊಸ ಕೇಸು. ಜಾಹೀರಾತು ಬಂದ ಪೇಪರಿನ ಪೂರ್ತಿ ಪುಟ ಇಟ್ಟುಕೊಳ್ಳಿ, ಕತ್ತರಿಸಿದ ತುಂಡಲ್ಲ, ತುಂಡಿನಲ್ಲಿ ತಾರೀಖು ಇರುವುದಿಲ್ಲ. ಇದಕ್ಕೆ ಎಷ್ಟು ಜನ ನನ್ನ ಹತ್ತಿರ ಎರಡನೇ ಸಲ ದುಡ್ಡು ಖರ್ಚು ಮಾಡಿದ್ದಾರೆ!

ಹಾಂ, ಮೇಲಿನಕೇರಿಯವ ಏನಾದ ಅಂತ ಕೇಳುತ್ತೀರಿ. ಹೊಸ ಹೆಸರು ಗೆಜೆಟ್‌ನಲ್ಲಿ ಬಂತು, ರೇಷನ್ ಕಾರ್ಡಿಗೆ ಬಂತು, ಮಗಳ ಹತ್ತನೇ ಕ್ಲಾಸಿನ ಅಂಕಪಟ್ಟಿಗೂ ಬಂತು. ಊರಲ್ಲಿ ಮಾತ್ರ ಇವತ್ತಿಗೂ ಹಳೆ ಹೆಸರಿನಿಂದಲೇ ಕರೆಯುತ್ತಾರೆ. ಮೊನ್ನೆ ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ, ನಾನೂ ಮರೆತು ಹಳೆ ಹೆಸರೇ ಕೂಗಿದೆ. ತಿರುಗಿ ನೋಡಿ ನಕ್ಕ.

ನಮಸ್ಕಾರ.